ಹಗ್ಗ ಹಿಡಿದವಳ ಪಾಲು

ನನಗೆ ಎತ್ತರ ಆಗಿಬರುವುದಿಲ್ಲ. ಮೂವತ್ನಾಲ್ಕು ವರ್ಷ ಗೂಡ್ಸ್ ಗಾಡಿಯ ಗಾರ್ಡ್ ಆಗಿ ದುಡಿದವನು ನಾನು. ನೆಲಕ್ಕೆ ಅಂಟಿದ ಹಳಿಯ ಮೇಲೆ ಬದುಕು ಕಳೆದವನಿಗೆ ತೆಲುಗು ನಾಡಿನ ಉಪ್ಪಲ್‌ನ ಹನ್ನೆರಡು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಳ್ಳುವ ಬುದ್ಧಿ ಯಾಕೆ ಬಂತೋ! ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸ್ ಬಿಡುವಾಗ ನಾನು ಹಟ ಹಿಡಿದದ್ದು ಒಂದಕ್ಕೇ, ಮೊದಲನೇ ಮಹಡಿಯೇ ಬೇಕು ಎಂದು. ಅದು ಸಿಕ್ಕಿತು. ಕೇಳದೇ ಸಿಕ್ಕಿದ್ದು ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ ಕೆಲಸ. ಪೆನ್ಶನ್ ತಿನ್ನುವವನಿಗೆ ಬೇರೆ ಕೆಲಸವೇ ಇರುವುದಿಲ್ಲ ಎಂದು ಲೋಕ ನಂಬಿಬಿಟ್ಟಿದೆ, ನನ್ನ ಹೆಂಡತಿ ಸುಮತಿಯೂ ಸೇರಿ.

ನಮ್ಮ ಕಟ್ಟಡದ ಪೂರ್ವದ ಗೋಡೆ ಎರಡು ಮಳೆಗಾಲದಿಂದ ಸೋರುತ್ತಿತ್ತು. ಕಿಟಕಿಯಿಲ್ಲ, ಬಾಲ್ಕನಿಯಿಲ್ಲ, ಬರೀ ಗೋಡೆ. ನೆಲದಿಂದ ಟೆರೇಸಿನವರೆಗೆ ಒಂದೇ ಸಮನೆ ಎದ್ದು ನಿಂತದ್ದು. ಬಿರುಕು ಮುಚ್ಚಿ ಬಣ್ಣ ಬಳಿಯಬೇಕೆಂದರೆ ಮೇಲಿನಿಂದ ಹಗ್ಗದ ಜೂಲಾ ಇಳಿಬಿಡಬೇಕು. ಜೂಲಾ ಎಂದರೆ ಏನೂ ಇಲ್ಲ, ಎರಡು ತೂತು ಕೊರೆದ ಹಲಗೆ. ಅದರ ಮೇಲೆ ಮನುಷ್ಯ ಕೂರುತ್ತಾನೆ, ಕಾಲ ಕೆಳಗೆ ಆಕಾಶ ಇರುತ್ತದೆ.

ಮೂವರು ದರ ಹೇಳಿದರು. ನಾನು ಆರಿಸಿದ್ದು ಭೀಮಾಶಂಕರನನ್ನು. ಸುರಪುರದ ಕಡೆಯವನು, ನಲವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ನಮ್ಮ ಕಡೆಯ ಕನ್ನಡದವನು ಎನ್ನುವುದು ಒಂದು ಕಾರಣ, ದರ ಕಡಿಮೆ ಎನ್ನುವುದು ಇನ್ನೊಂದು. ಯಾವುದು ಮೊದಲು ಎಂದು ಮಾತ್ರ ಕೇಳಬೇಡಿ. ಅವನ ಧಂದೆ ಎಂದರೆ ಅವನು ಮತ್ತು ಅವನ ಹೆಂಡತಿ ಶಿವಗಂಗಾ, ಇಬ್ಬರೇ. ಹೆಚ್ಚಿನ ಆಳು ಬೇಕಾದರೆ ಬೆಳಿಗ್ಗೆ ಅಡ್ಡಾದಲ್ಲಿ ನಿಂತ ಕೂಲಿಯವರನ್ನು ಕರೆತರುತ್ತಿದ್ದರು. ಇಲ್ಲಿಯವರೆಗೆ ಎರಡು ಮೂರು ಮಹಡಿಯ ಮನೆಗಳನ್ನು ಮಾಡಿದವರಿಗೆ ನಮ್ಮ ಗೋಡೆ ಮೊದಲ ದೊಡ್ಡ ಕೆಲಸ.

ನಮ್ಮ ಸಂಘದ ಅಧ್ಯಕ್ಷರು ಕಾಗದದ ಮನುಷ್ಯ. ಕೆಲಸ ಶುರುವಾಗಿ ನಾಲ್ಕು ದಿನ ಕಳೆದ ಮೇಲೆ, ಬರುವವರ ಪಟ್ಟಿ ಬೇಕು, ಕೂಲಿಕಾರರ ವಿಮೆ ಬೇಕು, ಇಲ್ಲದಿದ್ದರೆ ಹಗ್ಗ ಬಿಚ್ಚಿಸಿ ಎಂದರು. ನಾನೂ ಏನು ಕಡಿಮೆ? ಭೀಮಾಶಂಕರನನ್ನು ಕೂರಿಸಿಕೊಂಡು ಒಂದೇ ತಾಸಿನಲ್ಲಿ ಪಟ್ಟಿ ತಯಾರಿಸಿದೆ. ಮಾಲೀಕ: ಭೀಮಾಶಂಕರ. ಕೆಲಸಗಾರರು: ಶಿವಗಂಗಾ, ಹೆಲ್ಪರ್, ತಿಂಗಳ ಸಂಬಳ ಇಷ್ಟು. ಹೆಂಡತಿಯನ್ನು ಸಂಬಳಕ್ಕೆ ಇಟ್ಟುಕೊಂಡಂತೆ ತೋರಿಸಿದರೆ ವಿಮೆಯಲ್ಲಿ ಅವಳ ಹೆಸರು ಬರುತ್ತದೆ, ಖರ್ಚಿಗೂ ಲೆಕ್ಕ ಸಿಗುತ್ತದೆ ಎಂದು ಅವನಿಗೆ ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿ ಸಹಿ ಹಾಕಿದ. ಬಡವರಿಗೆ ಒಂದು ಉಪಕಾರ ಮಾಡಿದೆ ಎಂದು ಆ ದಿನ ಎರಡು ರೊಟ್ಟಿ ಹೆಚ್ಚೇ ತಿಂದೆ.

ಮರುದಿನ ಪಟ್ಟಿಗೆ ಅವಳ ಸಹಿ ಹಾಕಿಸಲು ಟೆರೇಸಿಗೆ ಹೋದೆ. ಗೋಡೆಯ ಅಂಚಿನಿಂದ ದೂರವೇ, ಲಿಫ್ಟಿನ ಕೋಣೆಗೆ ಬೆನ್ನು ಒತ್ತಿಕೊಂಡು ನಿಂತೆ.

ನೀರಿನ ಟ್ಯಾಂಕಿನ ಕಂಬಕ್ಕೆ ಹಗ್ಗ ಮೂರು ಸುತ್ತು ಬಂದಿತ್ತು. ಅಲ್ಲಿಂದ ಗೋಣಿಚೀಲ ಹೊದಿಸಿದ ಕಟಾಂಜನದ ಮೇಲೆ ಹಾದು ಆಚೆ ಇಳಿದಿತ್ತು. ಕಂಬದ ಈಚೆ ಉಳಿದ ತುದಿಯನ್ನು ಹಿಡಿದು ಶಿವಗಂಗಾ ನಿಂತಿದ್ದಳು. ನನ್ನ ಭುಜಕ್ಕೂ ಬಾರದ, ಕಡ್ಡಿಯಂಥ ಹೆಂಗಸು. ಸೀರೆಯ ಮೇಲೆ ಗಂಡಸಿನ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಎರಡನೆಯ ಹಗ್ಗ, ಗಂಡನ ಸೊಂಟದ ಪಟ್ಟಿಯದು, ಇನ್ನೊಂದು ಕಂಬಕ್ಕೆ ಸುತ್ತು ಬಿದ್ದಿತ್ತು. ಅದನ್ನು ಅವಳು ಎಡಗೈ ಬೆರಳಿನಿಂದ ಸುಮ್ಮನೆ ಮುಟ್ಟಿಕೊಂಡಿದ್ದಳು.

"ಭೀಮಾಶಂಕರ ಎಲ್ಲಿ ಅದಾನವ್ವಾ?" ಎಂದು ಕೇಳಿದೆ.

"ಒಂಬತ್ತನೇ ಮಾಳಗಿ ಹತ್ರ ಅದಾರ್ರಿ ಕಾಕಾ. ಈಗ ಬ್ರಶ್ ಅದ್ದಾಕತ್ತಾರ." ಸ್ವಲ್ಪ ತಡೆದು, "ಈಗ ಬಲಕ್ಕ ಬಾಗ್ಯಾರ" ಎಂದಳು.

ಅವಳ ಮುಖ ಟ್ಯಾಂಕಿನ ಕಡೆಗಿತ್ತು. ಗೋಡೆ ಅವಳ ಬೆನ್ನ ಹಿಂದೆ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ನನ್ನ ಹುಟ್ಟುಗುಣ ಹಾಳು, ಯಾರಾದರೂ ಏನಾದರೂ ಹೇಳಿದರೆ ಪರೀಕ್ಷಿಸದೇ ಬಿಡುವವನಲ್ಲ. ಎರಡೂ ಕೈಯಿಂದ ಕಟಾಂಜನ ಹಿಡಿದು, ಉಸಿರು ಬಿಗಿಹಿಡಿದು ಕೆಳಗೆ ಇಣುಕಿದೆ. ಭೀಮಾಶಂಕರ ಬಲಕ್ಕೆ ಬಾಗಿ ಒಂದು ಬಿರುಕಿಗೆ ಕೈ ಚಾಚಿದ್ದ. ಅವನ ಕೆಳಗೆ ಪಾರ್ಕಿಂಗಿನ ಕಾರುಗಳು ಬೆಂಕಿಪೊಟ್ಟಣದಷ್ಟಿದ್ದವು. ತಲೆ ತಿರುಗಿ ಹಿಂದೆ ಬಂದೆ.

"ಈಗ ನೆಟ್ಟಗ ಕುಂತ್ರು. ಬೆವರು ವರಸ್ಕೊಳಾಕತ್ತಾರ." ಅವಳು ನಕ್ಕಳು. "ಹಿಡದು ನೋಡ್ರಿ ಬೇಕಾದ್ರ."

ಕಂಬಕ್ಕೂ ಕಟಾಂಜನಕ್ಕೂ ನಡುವೆ ಬಿಗಿದು ನಿಂತ ಹಗ್ಗದ ಮೇಲೆ ಅಂಗೈ ಇಟ್ಟೆ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹಗ್ಗ ಜೀವಂತವಾಗಿತ್ತು. ಅದರಲ್ಲಿ ಸಣ್ಣ ನಡುಕ ಇತ್ತು, ಒಮ್ಮೆ ಇಷ್ಟು, ಒಮ್ಮೆ ಅಷ್ಟು. ನಾಲ್ಕು ಮಹಡಿ ಕೆಳಗೆ ಒಬ್ಬ ಮನುಷ್ಯ ಉಸಿರಾಡುವುದು, ಕೈ ಎತ್ತುವುದು, ಹೊರಳುವುದು ಎಲ್ಲ ನನ್ನ ಅಂಗೈಗೆ ಬರುತ್ತಿತ್ತು. ನನಗೆ ಅದರ ಓದು ಬರುತ್ತಿರಲಿಲ್ಲ, ಅಷ್ಟೇ. ಅವಳಿಗೆ ಅಕ್ಷರ ಅಕ್ಷರ ಬರುತ್ತಿತ್ತು. ನಾನು ಬಹಳ ಯಂತ್ರ ನೋಡಿದ್ದೇನೆ, ಬಹಳ ನಿಪುಣರನ್ನು ನೋಡಿದ್ದೇನೆ, ಇಂಥದ್ದನ್ನು ನೋಡಿರಲಿಲ್ಲ. ಇಷ್ಟು ದಿನ ಬಣ್ಣ ಬಳಿಯುವವನನ್ನಷ್ಟೇ ನೋಡಿದ ನನ್ನ ಕಣ್ಣಿಗೆ ಏನೆನ್ನಬೇಕು!

ಅಷ್ಟರಲ್ಲಿ ಸೊಂಟದ ಹಗ್ಗ ಎರಡು ಸಲ ಜಗ್ಗಿತು. ಎರಡು ಜಗ್ಗು ಎಂದರೆ ಇಳಿಸು ಎಂದಂತೆ. ಅವಳು ಕಂಬದ ಸುತ್ತನ್ನು ಸಡಿಲಿಸಿ ಒಂದು ಮೊಳ ಹಗ್ಗ ಬಿಟ್ಟು ಮತ್ತೆ ಹಿಡಿದಳು. ಬೀಸುವ ಕಲ್ಲಿಗೆ ಜೋಳ ಹಾಕುವಷ್ಟು ಸಲೀಸಾಗಿತ್ತು ಆ ಕೈ.

ಇಷ್ಟೆಲ್ಲ ಕಂಡ ಮೇಲೆ ಸುಮ್ಮನೆ ಕೆಳಗೆ ಹೋಗಬೇಕಿತ್ತು. ನಾನು ಪಟ್ಟಿ ತೆಗೆದೆ.

ಅವಳು ಏಳನೇ ಇಯತ್ತೆ ಓದಿದವಳು. ಹಗ್ಗದ ತುದಿಯನ್ನು ಕೊಕ್ಕೆಗೆ ಗಂಟು ಹಾಕಿ, ಕೈ ಒರೆಸಿಕೊಂಡು, ಕಾಗದವನ್ನು ನಿಧಾನವಾಗಿ ಓದಿದಳು. ಬೆರಳು ತನ್ನ ಹೆಸರಿನ ಮೇಲೆ ನಿಂತಿತು.

"ಇದನ್ಯಾರ್ರಿ ಬರದವರು?"

"ನಾನೇ ಬರದೀನಿ" ಎಂದೆ, ಹೆಮ್ಮೆಯಿಂದ.

"ಇವರು ಸಹಿ ಮಾಡ್ಯಾರ?"

"ಮಾಡ್ಯಾನಲ್ಲ, ಅಲ್ಲೇ ಐತಿ ನೋಡು."

ಅವಳು ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟಳು. ಸೊಂಟದ ಹಗ್ಗವನ್ನು ಮೂರು ಸಲ ಜಗ್ಗಿದಳು. ಮೂರು ಜಗ್ಗು ಎಂದರೆ ಕೆಲಸ ಬಿಟ್ಟು ನೆಲಕ್ಕೆ ಎಂದು ಆಮೇಲೆ ತಿಳಿಯಿತು. ಎರಡೂ ಕಂಬದ ಸುತ್ತು ಸಡಿಲಿಸಿ ಗಂಡನನ್ನು ಒಂದೇ ಸಮನೆ ಪಾರ್ಕಿಂಗಿಗೆ ಇಳಿಸಿದಳು. ಅವನು ಹಲಗೆಯಿಂದ ಇಳಿದದ್ದು ಕೈಗೆ ಗೊತ್ತಾದ ಮೇಲೆ ಹಗ್ಗವನ್ನು ಎಳೆದುಕೊಂಡು, ಸುತ್ತಿ ಸಿಂಬಿ ಮಾಡಿ, ಅದರ ಮೇಲೆ ಕುಳಿತಳು.

"ಕೂಲಿಗೆ ನಾ ಹಗ್ಗ ಹಿಡಿಯಾಂಗಿಲ್ರಿ ಕಾಕಾ."

ನನಗೆ ಸಿಟ್ಟು ನೆತ್ತಿಗೇರಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ಗೊಣಗಿದೆ. ಲಿಫ್ಟಿನಲ್ಲಿ ಓಡಿಬಂದ ಭೀಮಾಶಂಕರ, "ಅದು ಕಾಗದದಾಗಷ್ಟ ಬಾ ಗಂಗಾ. ನಿನಗ ಯಾರ ಕೂಲಿ ಅಂದ್ರು?" ಎಂದು ಬೇಡಿಕೊಂಡ.

"ಕಾಗದದಾಗ ಬಂದದ್ದು ಬಾಯಾಗ ಬರಾಕ ಭಾಳ ದಿನ ಬೇಕಾಗಿಲ್ಲ" ಎಂದಳು.

ಯಾಕಿಷ್ಟು ಹಟ ಎಂದು ಕೇಳಿದ್ದಕ್ಕೆ ನನಗೆ ಕೂತು ಹೇಳಿದಳು. "ನಮ್ಮದು ಬಾವಿ ಹೂಳು ತೆಗಿಯೋ ಮನಿತನ ರೀ. ನಮ್ಮಪ್ಪ, ನಮ್ಮಜ್ಜ ಎಲ್ಲಾರೂ ಬಾವಿಗೆ ಇಳದವರ. ಇಳಿಯಾವನ ಹಗ್ಗ ಯಾರು ಬೇಕಾದವರು ಹಿಡಿಯಾಂಗಿಲ್ಲ. ಅವನ ಹೆಂಡತಿಯ ತಮ್ಮ ಹಿಡೀಬೇಕು. ಅಕ್ಕನ ಕೊಳ್ಳಾಗಿನ ತಾಳಿ ಅವನ ಕೈಯಾಗ ಇರತೈತಿ ಅಂತ. ಮತ್ತ ಹಗ್ಗ ಹಿಡದಾವಗ ಕೂಲಿ ಕೊಡಂಗಿಲ್ರಿ, ಪಾಲು ಕೊಡತಾರ. ಕೂಲಿ ತಗೊಂಡಾವ ಕೊಟ್ಟಾವನ ಮಾತು ಕೇಳತಾನ. ಪಾಲು ತಗೊಂಡಾವ ಹಗ್ಗದ ಮಾತು ಕೇಳತಾನ."

"ಹಂಗಾರ ನಿನ್ನ ತಮ್ಮನ್ನ ಕರಿ."

"ತಾಯಪ್ಪ ಶಂಶಾಬಾದ್‌ನಾಗ ಅದಾನ್ರಿ. ವಿಮಾನದ ಸಾಮಾನ ಎತ್ತತಾನ. ಹಗ್ಗ ಮುಟ್ಟಂಗಿಲ್ಲ ಅಂವ." ಸಿಂಬಿಯಿಂದ ಜಾರಿದ ಹಗ್ಗದ ತುದಿಯನ್ನು ಒಳಗೆ ಸಿಕ್ಕಿಸಿದಳು. "ತಮ್ಮ ಹಿಡಿಯೋದೂ ನನ್ನ ತಾಳಿ ಸಲುವಾಗಿ ಅಂದ ಮ್ಯಾಲ, ನಾನ ಹಿಡದ್ರ ಯಾರ ಬ್ಯಾಡ ಅಂತಾರ?" ಎಂದಳು.

ಎರಡು ದಿನ ಗೋಡೆ ಹಾಗೇ ನಿಂತಿತು. ಒಂಬತ್ತನೇ ಮಹಡಿಯವರೆಗೆ ಹೊಸ ಬಣ್ಣ, ಕೆಳಗೆ ಹಳೆಯ ಪಾಚಿ. ಮೇ ತಿಂಗಳ ಕೊನೆಯ ವಾರ, ಮಳೆ ಎಂದು ಬಂದೀತೋ ಎಂದು ಕೆಳಗಿನ ಮನೆಯವರೆಲ್ಲ ನನ್ನನ್ನು ದಾರಿಯಲ್ಲಿ ಹಿಡಿದು ಕೇಳತೊಡಗಿದರು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಸುಮತಿಯ ಮುಂದೆ ಇದನ್ನೆಲ್ಲ ಕಾರಿಕೊಂಡೆ. ಸಂಬಳ ಕೊಡುತ್ತೇವೆ ಎಂದರೂ ಬೇಡ ಎನ್ನುವ ಹೆಂಗಸನ್ನು ನೋಡಿದ್ದೀಯಾ ಎಂದೆ.

"ನಲವತ್ತು ವರ್ಷ ಆತು ನಿಮ್ಮ ಮನಿ ನಡಸಾಕತ್ತು" ಎಂದು ಅವಳು ಸಾರು ಬಡಿಸುತ್ತ ಹೇಳಿದಳು. "ನನ್ನ ಹೆಸರು ಯಾವ ಪಟ್ಟಿಯಾಗ ಬರದೀರಿ, ತೋರಸ್ರಿ ಒಂದ್ಸಲ. ಹೆಲ್ಪರ್ ಅಂತ ಬರದೀರೇನು?"

ನಾನು ಸಾರು ಬಿಸಿ ಇದೆ ಎಂದೆ. ಅವಳು ನಕ್ಕು ಒಳಗೆ ಹೋದಳು.

ಸಂಜೆ ಅಧ್ಯಕ್ಷರ ಫೋನು. "ಸೆಕ್ರೆಟರಿಗಾರೂ, ಒಬ್ಬ ಹೆಲ್ಪರ್ ಮುನಿಸಿಕೊಂಡರೆ ಇನ್ನೊಬ್ಬಳನ್ನು ತರಲಿ. ಹಗ್ಗ ಹಿಡಿಯುವುದಕ್ಕೆ ಏನು ಡಿಗ್ರಿ ಬೇಕೇ?" ಎಂದು ಅವರು ತೆಲುಗಿನಲ್ಲಿ ರೇಗಿದರು. ನಿಜ ಹೇಳುತ್ತೇನೆ, ಎರಡು ದಿನದಿಂದ ನಾನೂ ಅದೇ ಮಾತನ್ನು ಒಳಗೊಳಗೇ ಅನ್ನುತ್ತಿದ್ದೆ. ಆದರೆ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಕೆನ್ನೆಗೆ ಹೊಡೆದಂತಾಯಿತು. ನನ್ನ ಗಾಡಿಯಲ್ಲಿ ಎಂಜಿನ್ ಡ್ರೈವರ್ ಎಷ್ಟೇ ಹಿರಿಯನಿರಲಿ, ಕೊನೆಯ ಡಬ್ಬಿಯಲ್ಲಿ ಕುಳಿತ ನಾನು ಹಸಿರು ಬಾವುಟ ತೋರಿಸದೆ ಗಾಲಿ ಉರುಳುತ್ತಿರಲಿಲ್ಲ. ಗಾರ್ಡ್ ಎಂದರೆ ಡ್ರೈವರನ ಆಳಲ್ಲ. ಡ್ರೈವರ್ ನನಗೆ ಸಂಬಳ ಕೊಡುವವನಾಗಿದ್ದರೆ, ತಡವಾಯಿತು ಬಾವುಟ ಎತ್ತು ಎಂದು ಗದರಿದಾಗ ನಾನು ಎತ್ತದೇ ಇರುತ್ತಿದ್ದೆನೇ? ಅಧ್ಯಕ್ಷರಿಗೆ ಹಾಗೆಂದು ಕೇಳಿದೆ. ಅವರಿಗೆ ರೈಲಿನ ವಿಷಯ ಯಾಕೆ ಬಂತೆಂದು ತಿಳಿಯಲಿಲ್ಲ. ನನಗೆ ಮಾತ್ರ ತಿಳಿಯಿತು, ಮೂವತ್ನಾಲ್ಕು ವರ್ಷ ನಾನು ಮಾಡಿದ ಕೆಲಸವನ್ನೇ ಆ ಹೆಂಗಸು ಟೆರೇಸಿನ ಮೇಲೆ ಮಾಡುತ್ತಿದ್ದಾಳೆ. ನಾನು ಅವಳನ್ನು ಹೆಲ್ಪರ್ ಎಂದು ಬರೆದಿದ್ದೆ.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರನ್ನೂ ಅಂಬಾದಾಸನ ಅಂಗಡಿಗೆ ಕರೆದುಕೊಂಡು ಹೋದೆ. ಅಂಬಾದಾಸ ಬೀದರಿನವನು. ಮೂವತ್ತು ವರ್ಷದಿಂದ ಉಪ್ಪಲ್ ರಸ್ತೆಯಲ್ಲಿ ಕರಾರುಪತ್ರ ಬರೆಯುವವನು, ನನ್ನ ಹಳೆಯ ಗೆಳೆಯ. ವಿಷಯ ಕೇಳಿ, ಕನ್ನಡಕ ಹಣೆಗೇರಿಸಿ, ಭೀಮಾಶಂಕರನ ಕಡೆ ತಿರುಗಿದ.

"ನೋಡಪಾ, ಎರಡ ದಾರಿ. ಹೆಂಡತೀನ ಸಂಬಳಕ್ಕ ಇಟ್ಕೊಂಡಿ ಅಂದ್ರ ಧಂದೆ ನಿಂದು. ಮುಳಗಿದ್ರ ನೀ ಮುಳಗತಿ, ಆಕಿ ಮುಳಗಂಗಿಲ್ಲ. ಕೂಲಿಕಾರರ ವಿಮಾದಾಗ ಆಕಿ ಹೆಸರು ಬರತೈತಿ. ಪಾಲುದಾರಳು ಮಾಡಿದಿ ಅಂದ್ರ ಲಾಭದಾಗೂ ಪಾಲು, ನುಕ್ಸಾನಿನಾಗೂ ಪಾಲು. ಧಂದೆಕ್ಕಂತ ನೀ ಮಾಡಿದ ಸಾಲಕ್ಕ ಆಕೀನೂ ಜಿಮ್ಮೇದಾರ. ಕೂಲಿಕಾರರ ವಿಮಾ ಬರಂಗಿಲ್ಲ, ಇಬ್ಬರೂ ಬ್ಯಾರೆ ಅಪಘಾತ ವಿಮಾ ಮಾಡಿಸಬೇಕು. ಇಬ್ಬರಾಗ ಒಬ್ಬರು ಹ್ವಾದ್ರ ಪಾಲುದಾರಿಕಿನೂ ಮುಗೀತು. ಯಾವುದು ಬರೀಲಿ?"

ಭೀಮಾಶಂಕರ ನೆಲ ನೋಡಿದ. ಆಮೇಲೆ, "ಸಂಬಳನ ಬರೀರಿ" ಎಂದ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ನಾಚಿಕಿ ಬರಂಗಿಲ್ಲೇನೋ ನಿನಗ? ನಿನ್ನ ಜೀವ ಆಕಿ ಕೈಯಾಗ ಕೊಟ್ಟು ಜೋತಾಡತಿ. ಒಂದು ಕಾಗದದಾಗ ಅರ್ಧ ಪಾಲು ಕೊಡಾಕ ಹೊಟ್ಟಿ ಉರಿತೈತೇನು? ಮಾಲಕ ಅನಿಸ್ಕೊಳ್ಳೋ ಚಟ ಅಷ್ಟ ಐತಿ ನಿನಗ!" ಎಂದು ಅಂಗಡಿಯ ಹೊರಗಿನವರೂ ತಿರುಗಿ ನೋಡುವಂತೆ ಕೂಗಿದೆ.

ಅವನು ತಲೆ ಎತ್ತಿದ. ಕಣ್ಣಲ್ಲಿ ನೀರಿತ್ತು.

"ಹಂಗಲ್ರಿ ಸಾಹೇಬ್ರ. ಪಾಲು ಏನ್ರಿ, ಪೂರಾ ಧಂದೆ ಆಕಿ ಹೆಸರಲೆ ಬರೀರಿ ಅಂದ್ರ ಬರಸ್ತೀನಿ. ಆದ್ರ ದಿನಾ ಮುಂಜಾನೆ ಹಲಿಗಿ ಮ್ಯಾಲ ಕುಂಡ್ರುವಾಗ ನನಗ ಒಂದ ಚಿಂತಿ. ಹಗ್ಗ ನಂಬಬಹುದು, ಆಕಿ ಕೈ ನಂಬಬಹುದು. ಗ್ವಾಡಿ ನಂಬಾಕ ಬರಂಗಿಲ್ಲ, ಗಾಳಿ ನಂಬಾಕ ಬರಂಗಿಲ್ಲ. ನಾಳೆ ನಾ ಬಿದ್ದರ, ಸಾಲ ಕೊಟ್ಟವರು ಆಕಿ ಬಾಗಲಿಗೆ ಬಂದು ನಿಂದರಬಾರದು. ಕೂಲಿಯಾಕಿ ಅಂತ ಬರದಿದ್ರ ಆಕೀನ ಯಾರೂ ಏನೂ ಕೇಳಂಗಿಲ್ಲ. ಆಕಿ ಉಳೀತಾಳ. ಅದಕ್ಕ ಸಹಿ ಮಾಡಿದೆ ನಾ."

ನಾನು ಕುಳಿತಲ್ಲೇ ಚಿಕ್ಕವನಾದೆ. ಆಡಿದ ಮಾತನ್ನು ನುಂಗಲು ಆಗುವಂತಿದ್ದರೆ ಎಂದು ಬಹಳ ಸಲ ಅನಿಸಿದೆ, ಅವತ್ತಿನಷ್ಟು ಎಂದೂ ಅನಿಸಿಲ್ಲ. ಎದುರಿಗೆ ಕುಳಿತವನು ದಿನವೂ ಹನ್ನೆರಡು ಮಹಡಿಯ ಮೇಲಿಂದ ಕಾಲು ಇಳಿಬಿಡುವಾಗ ತನ್ನ ಸಾವಿನ ಆಚೆಯ ದಿನವನ್ನೂ ಯೋಚಿಸಿ ಇಳಿಯುತ್ತಿದ್ದ. ಇಂಥವನನ್ನು ನಾನು ಚಟದವನು ಎಂದೆ.

ಶಿವಗಂಗಾಗೂ ಇದು ಮೊದಲ ಸಲ ಕೇಳಿದ ಮಾತು. ಅವಳು ಗಂಡನನ್ನೇ ನೋಡುತ್ತಿದ್ದಳು. ಹಾಗೆಯೇ ನಮಗೆ ಯಾರಿಗೂ ಅಲ್ಲ, ಅವನೊಬ್ಬನಿಗೇ ಎಂಬಂತೆ ಮಾತಾಡಿದಳು.

"ತಾಯಪ್ಪ ಯಾಕ ಹಗ್ಗ ಬಿಟ್ಟ, ನಿಮಗ ಗೊತ್ತಿಲ್ಲೇನು? ನಮ್ಮ ಕೂಡ ಪಾಲಿನಾಗ ಇದ್ದಾವ, ಇನ್ನೊಬ್ಬರು ದಿನಗೂಲಿ ಜಾಸ್ತಿ ಕೊಡತೀನಿ ಅಂದ್ರು, ಹ್ವಾದ. ಅಲ್ಲಿ ಒಂದಿನ ಗಾಳಿ ಎದ್ದಿತ್ತು. ಹಗ್ಗ ನಡಗಾಕತ್ತೈತಿ, ಹಲಿಗಿ ಮ್ಯಾಲಿನಾವನ್ನ ನೆಲಕ್ಕ ಇಳಸ್ತೀನಿ ಅಂದ. ಕೂಲಿ ಕೊಡಾವ ನಾನು, ಕೆಲಸ ನಿಂದ್ರಸಬ್ಯಾಡ ಅಂದ್ರು. ತಾಯಪ್ಪ ಸುಮ್ಮನಾದ. ಕೂಲಿಯಾವ ಇನ್ನೇನ ಮಾಡತಾನ? ಬಿದ್ದಾವ ಇನ್ನೂ ಹಾಸಗ್ಯಾಗ ಅದಾನ, ಒಂದು ಹೆಜ್ಜಿ ನಡಿಯಾಕ ಬರಂಗಿಲ್ಲ. ನನ್ನ ತಮ್ಮನ ಕೈ ಇವತ್ತಿಗೂ ಹಗ್ಗ ಕಂಡ್ರ ನಡಗತಾವ."

ಅವಳು ಕುರ್ಚಿಯನ್ನು ಗಂಡನ ಕಡೆ ತಿರುಗಿಸಿಕೊಂಡಳು.

"ನನ್ನ ಉಳಸ್ತೀನಿ ಅಂತೀರಿ" ಎಂದಳು. "ನೀವು ಬಿದ್ದ ಮ್ಯಾಲ ನನ್ನ ಉಳಸೋ ಕಾಗದ ನನಗ ಬ್ಯಾಡ. ಬೀಳಲಾರದಂಗ ನೋಡ್ಕೊಳ್ಳೋ ಹಕ್ಕಿನ ಕಾಗದ ಕೊಡ್ರಿ."

ಅಂಬಾದಾಸ ಗಂಟಲು ಸರಿಮಾಡಿಕೊಂಡ. ಅವನ ಕೆಲಸ ಅವನಿಗೆ. "ಆತವಾ. ಲಾಭ ಅರ್ಧ ಅರ್ಧ ಅಂತ ಬರೀತೀನಿ. ನುಕ್ಸಾನ ಹೆಂಗ ಹಂಚೂದು?"

"ನುಕ್ಸಾನ ಪೂರಾ ನಂದ ಅಂತ ಬರೀರಿ" ಎಂದು ಭೀಮಾಶಂಕರ ಥಟ್ಟನೆ ಹೇಳಿದ.

"ಇವರು ಬಿದ್ರ ನುಕ್ಸಾನ ಯಾರದ್ರಿ ಅಣ್ಣಾರ?" ಶಿವಗಂಗಾ ಅಂಬಾದಾಸನನ್ನು ಕೇಳಿದಳು. "ನೀವು ಯಾರ ಹೆಸರಲೆ ಬೇಕಾದ್ರೂ ಬರೀರಿ. ಅದು ಪೂರಾ ನಂದ ಐತಿ. ಇವರಿಗೆ ಅದ್ರಾಗ ಒಂದು ಪೈಸಾ ಬರಂಗಿಲ್ಲ."

ಮೂವತ್ತು ವರ್ಷದಲ್ಲಿ ಸಾವಿರಾರು ಕರಾರು ಬರೆದ ಅಂಬಾದಾಸ ಪೆನ್ನು ಕೆಳಗಿಟ್ಟ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಏಳನೇ ಇಯತ್ತೆಯ ಹೆಂಗಸು ನಮ್ಮ ಮೂವರು ಗಂಡಸರ ತಿಳಿವಳಿಕೆಯನ್ನೂ ಒಂದೇ ಮಾತಿನಲ್ಲಿ ದಾಟಿಹೋಗಿದ್ದಳು. ಭೀಮಾಶಂಕರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆಮೇಲೆ ಕೈ ತೆಗೆದು, "ಅರ್ಧ ಅರ್ಧ ಬರೀರಿ, ಎರಡೂ" ಎಂದ. "ಮತ್ತ ಇನ್ನೊಂದು ಬರೀರಿ. ಗ್ವಾಡಿಗೆ ಇಳಿಯೂದು, ನಿಂದ್ರೂದು, ಕೆಲಸ ಬಿಟ್ಟು ನೆಲಕ್ಕ ಬರೂದು, ಇದ್ರಾಗ ಹಗ್ಗ ಹಿಡದಾಕಿ ಮಾತ ಕಡೀ ಮಾತು. ನಾ ಎದುರು ಆಡಂಗಿಲ್ಲ."

"ಇಂಥಾ ಕಲಮು ಯಾವ ಕರಾರಿನಾಗೂ ನೋಡಿಲ್ಲಪಾ ನಾನು" ಎಂದು ಅಂಬಾದಾಸ ಹೇಳಿದ. ಆದರೂ ಬರೆದ. ತಾನು ಬರೆಯುವ ಸರಕಾರಿ ಭಾಷೆಯನ್ನೆಲ್ಲ ಬಿಟ್ಟು, ಅವನು ಹೇಳಿದ ಹಾಗೆಯೇ ಬರೆದ. ಒಬ್ಬ ಸಾಕ್ಷಿ ನಾನು, ಇನ್ನೊಬ್ಬ ಅವನೇ ಕರೆಸಿದ ಪಕ್ಕದ ಝೆರಾಕ್ಸ್ ಅಂಗಡಿಯವ. ರೈಲ್ವೆಯಲ್ಲಿ ಎಷ್ಟೋ ಕಡೆ ಸಹಿ ಹಾಕಿದ್ದೇನೆ, ಆ ದಿನ ಮಾತ್ರ ಕೈ ತೊಳೆದುಕೊಂಡು ಬಂದು ಹಾಕಿದೆ.

ಕೆಲಸ ಮತ್ತೆ ಶುರುವಾಯಿತು. ಇಬ್ಬರಿಗೂ ಅಪಘಾತ ವಿಮೆ ಮಾಡಿಸಿದ ಕಾಗದ ತೋರಿಸಿದ ಮೇಲೆ ಅಧ್ಯಕ್ಷರೂ ಒಪ್ಪಿದರು. ನಾನು ದಿನಕ್ಕೊಮ್ಮೆ ಟೆರೇಸಿಗೆ ಹೋಗಿ, ಲಿಫ್ಟ್ ಕೋಣೆಗೆ ಬೆನ್ನು ಕೊಟ್ಟು ನಿಂತು ನೋಡತೊಡಗಿದೆ. ಸೆಕ್ರೆಟರಿ ಕೆಲಸ ಎಂದು ಸುಮತಿಗೆ ಹೇಳುತ್ತಿದ್ದೆ, ಅವಳು ನಂಬಲಿಲ್ಲ.

ಜೂನ್ ಎರಡನೇ ವಾರ ಕೊನೆಯ ದಿನ ಬಂತು. ಎರಡನೇ ಮಹಡಿಯ ಹತ್ತಿರ ಎರಡು ಮಾರು ಗೋಡೆ ಉಳಿದಿತ್ತು. ಮಧ್ಯಾಹ್ನ ಮೂರು ಗಂಟೆ, ಆಕಾಶದ ದಕ್ಷಿಣ ಮೂಲೆಯಲ್ಲಿ ಒಂದಿಷ್ಟು ಕಪ್ಪು. ಅಧ್ಯಕ್ಷರು ಫೋನು ಮಾಡಿ, ಇವತ್ತೇ ಮುಗಿಯಲಿ, ಸಾಮಾನು ತೆಗೆಸಿ ಎಂದರು. ಮುಗಿಯುತ್ತದೆ ಎಂದು ನಾನು ಮಾತು ಕೊಟ್ಟೆ.

ಫೋನು ಇಡುವಷ್ಟರಲ್ಲಿ ಶಿವಗಂಗಾಳ ಮುಖ ಬದಲಾಗಿತ್ತು. ಅವಳು ಎಡಗೈಯನ್ನು ಹಗ್ಗದ ಮೇಲಿಟ್ಟು, ತಲೆ ಬಾಗಿಸಿ, ನಾಡಿ ಹಿಡಿದ ವೈದ್ಯನಂತೆ ನಿಂತಿದ್ದಳು. "ಸಾಕು, ಗಾಳಿ ಏಳತೈತಿ" ಎಂದಳು.

"ಇನ್ನ ಹತ್ತು ನಿಮಿಷದ ಕೆಲಸ ಅಲ್ಲೇನವ್ವಾ" ಎಂದು ನಾನೇ ಹೇಳಿದೆ. ಹೌದು, ಆ ಕರಾರಿಗೆ ಕೈ ತೊಳೆದು ಸಹಿ ಹಾಕಿದ ನಾನೇ! ಎಲೆ ಕೂಡ ಅಲ್ಲಾಡುತ್ತಿರಲಿಲ್ಲ.

ಅವಳು ನನ್ನ ಮಾತಿಗೆ ಉತ್ತರ ಕೊಡದೆ ಸೊಂಟದ ಹಗ್ಗವನ್ನು ಮೂರು ಸಲ ಜಗ್ಗಿದಳು. ಕೆಳಗಿನಿಂದ ಮರುಜಗ್ಗು ಬರಲಿಲ್ಲ. "ಎರಡ ಮಾರು ಉಳದೈತಿ, ಮುಗಸ್ತೀನಿ!" ಎಂದು ಅವನ ಕೂಗು ತೇಲಿಬಂತು. ಅವಳು ಮತ್ತೆ ಮೂರು 
ಸಲ ಜಗ್ಗಿದಳು. ಮೊದಲ ದೊಡ್ಡ ಕೆಲಸ, ಕೊನೆಯ ಎರಡು ಮಾರು, ಕೆಳಗೆ ಕೈಯಲ್ಲಿ ಹಸಿ ಬಣ್ಣದ ಬ್ರಶ್ ಹಿಡಿದ ಗಂಡಸು. ನಾನು ಕಂಡ ಹಾಗೆ ಇಂಥ ಕಡೆ ಗೆದ್ದದ್ದು ಯಾವಾಗಲೂ ಬ್ರಶ್ಶೇ.

ಹಗ್ಗ ಒಂದು ಸಲ ಜಗ್ಗಿತು. ಆಯಿತು ಎಂದು.

ಅವಳು ಎರಡೂ ಕಂಬದ ಸುತ್ತು ಸಡಿಲಿಸಿ ಅವನನ್ನು ನೆಲಕ್ಕೆ ಇಳಿಸಿದಳು. ಆಮೇಲೆ ನಾವಿಬ್ಬರೂ ಗಾಳಿಗಾಗಿ ಕಾದೆವು. ಐದು ನಿಮಿಷ, ಹತ್ತು ನಿಮಿಷ. ಪಕ್ಕದ ಕಟ್ಟಡದ ಮೇಲೆ ಒಣಗಲು ಹಾಕಿದ ಬಟ್ಟೆ ಇದ್ದಲ್ಲೇ ಇತ್ತು. ದಕ್ಷಿಣದ ಕಪ್ಪು ಹಾಗೇ ಕರಗಿ ಬಿಸಿಲು ಬಿತ್ತು. ಏನೂ ಆಗಲಿಲ್ಲ. ಅಧ್ಯಕ್ಷರು ಮತ್ತೆ ಫೋನು ಮಾಡಿ, ಎಂಥವರನ್ನು ಹಿಡಿದು ತಂದಿರಿ ಎಂದು ಬೈದರು. ಅವಳು ಬಿಸಿಲನ್ನೇ ನೋಡುತ್ತ ನಿಂತಿದ್ದಳು.

ಮೆಟ್ಟಿಲ ಬಾಗಿಲಿನಲ್ಲಿ ಭೀಮಾಶಂಕರ ಕಾಣಿಸಿಕೊಂಡ, ಮೊಣಕೈವರೆಗೆ ಬಣ್ಣ. ಸಿಟ್ಟಿನ ಮಾತು ಬರುತ್ತದೆ ಎಂದು ನಾನು ನಡುವೆ ಹೋಗಲು ಸಿದ್ಧನಾದೆ.

"ಗಾಳಿ ಬರಲಿಲ್ರಿ" ಎಂದಳು ಶಿವಗಂಗಾ. "ನನ್ನ ಅಂದಾಜು ತಪ್ಪಿತು. ಇವತ್ತ ಮುಗಿಯೂ ಕೆಲಸ ನಾಳಿಗೆ ಹೋತು."

"ತಪ್ಪಿದ್ರ ತಪ್ಪಲಿ ಬಿಡು" ಎಂದ ಅವನು. ಟೆರೇಸಿನ ಬಿಸಿ ನೆಲದ ಮೇಲೆ ಬರಿಗಾಲಲ್ಲಿ ನಡೆದು ಬಂದು ಅವಳ ಮುಂದೆ ನಿಂತ. "ನಡಕೋತ ಬಂದೀನಲ್ಲ."